ಎಂಟುನೂರು ಮೀಟರಿನ ಕಣ್ಣು

ಎಂಟುನೂರು ಮೀಟರು ದೂರದ ಹಲಗೆಯಲ್ಲಿ ನನ್ನ ಗುಂಡು ಎಲ್ಲಿ ಬಿತ್ತೆಂದು ನಾನು ಬರಿಗಣ್ಣಿನಲ್ಲೇ ಹೇಳುತ್ತೇನೆ. ಹದ್ದುಗಳು ನನ್ನ ಹತ್ತಿರ ಪಾಠಕ್ಕೆ ಬರಬೇಕು. ಆದರೆ ವಯಸ್ಸು ಅರವತ್ತೆಂಟು. ಮೊಣಕೈ ಸವೆದಿದೆ, ಕೋವಿ ಆನೆಮರಿಯಷ್ಟು ಭಾರವಾಗಿದೆ. ಅಂಥ ಹೊತ್ತಲ್ಲಿ ಕ್ಲಬ್ಬಿನ ಹೊಸ ಕಾರ್ಯದರ್ಶಿ ಒಂದು ನಿಯಮ ತಂದ. ಹತ್ತು ಗುಂಡೂ ಎಲ್ಲೆಲ್ಲಿ ಬಿದ್ದವೆಂದು ಹೊಡೆದವನೇ ಹೇಳಬೇಕು, ಒಂದು ತಪ್ಪಿದರೂ ತಂಡದಿಂದ ಹೊರಗೆ.

ನನ್ನ ಹೆಂಡತಿ ದೇಚಮ್ಮ ಎಂದಿನಂತೆ ಹಿಂದೆ ಕೂತು, ದುರ್ಬೀನಿನಲ್ಲಿ ಹಕ್ಕಿ ನೋಡುತ್ತಾ ಕೆಮ್ಮುತ್ತಿದ್ದಳು.

"ಎಡಕ್ಕೆ," ಎಂದೆ. ಸರಿಯಿತ್ತು. "ಇದು ಬಲಕ್ಕೆ." ಅದೂ ಸರಿ. ಒಂಬತ್ತು ಗುಂಡು ಹೀಗೇ ಮುಗಿಯುವಷ್ಟರಲ್ಲಿ ನನ್ನ ಬೆನ್ನು ಒಂಬತ್ತು ತುಂಡಾಗಿತ್ತು.

"ಏನು ಕಣ್ಣು ಮಾವ ನಿಮ್ಮದು," ಎಂದ ಕಾರ್ಯದರ್ಶಿ. "ಆದರೆ ಪಾಪ, ಅತ್ತೆಗೆ ಕೆಮ್ಮು ನಿಲ್ಲುತ್ತಲೇ ಇಲ್ಲ. ಬನ್ನಿ ಅತ್ತೆ, ಜೀಪಲ್ಲಿ ಕೂತು ಬಿಸಿ ಕಷಾಯ ಕುಡೀರಿ."

"ಬೇಡಪ್ಪಾ, ನನಗೇನಾಗಿಲ್ಲ," ಎಂದಳು ದೇಚಮ್ಮ.

ಅವನು ಕೇಳಲಿಲ್ಲ. ಕೈಹಿಡಿದು ಕರೆದೊಯ್ದು ಕೂರಿಸಿ, ಜೀಪಿನ ಗಾಜು ಏರಿಸಿ ಬಂದ.

ಹತ್ತನೇ ಗುಂಡು ಹೊಡೆದೆ.

"ಎಲ್ಲಿ ಬಿತ್ತು ಮಾವ?"

ನಾನು ಜೀಪಿನ ಕಡೆಗೆ ಕಿವಿಗೊಟ್ಟೆ.