ಲಿಫ್ಟಿನ ಕಾರ್ಡು

“ಕಾಕಾ, ಈ ಸಹಿ ಸುಳ್ಳು ಅಂತ ತೋರಿಸಿದ್ರೆ ಕೇಸು ಗೆದ್ದ ಹಾಗೇ,” ಎಂದು ವಕೀಲೆ ಯಕ್ಷಿತಾ ಮೇಜಿನ ಮೇಲೆ ಒಂದು ಕಾರ್ಡಿನ ಜೆರಾಕ್ಸ್ ತಳ್ಳಿದಳು.

ಶಿವಪುತ್ರ ಅದನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದ. ಆರು ಸಾಲು, ಆರು ತಾರೀಖು, ಆರು ಸಹಿ. ನೋಡಿ ಕುರ್ಚಿಗೆ ಒರಗಿದ. ಹೆಂಡತಿ ಸತ್ತು ಎರಡು ತಿಂಗಳಾಗಿತ್ತು. ಅಳು ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಊಟದ ರುಚಿ, ಲೋಕಲ್ ಟ್ರೇನಿನ ನೂಕುನುಗ್ಗಲು, ಜನರ ಸಮಾಧಾನದ ಮಾತು, ಯಾವುದೂ ಅವನಿಗೆ ತಾಕುತ್ತಿರಲಿಲ್ಲ. ಮನಸ್ಸಿಗೇ ಜೋಮು ಹಿಡಿದಂತಿತ್ತು.

ಸಯನ್‌ನ ಏಳು ಮಹಡಿಯ ಬಿಲ್ಡಿಂಗಿಗೆ ಅವನು ವಾಚ್‌ಮನ್. ಹೆಂಡತಿ ಮಹಾದೇವಿ ಅಲ್ಲಿಯೇ ಮೆಟ್ಟಿಲು ಗುಡಿಸಿ ಒರೆಸುವವಳು. ಅವತ್ತು ನಾಲ್ಕನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು, ಲಿಫ್ಟು ಮಾತ್ರ ಬಂದಿರಲಿಲ್ಲ. ಬಕೆಟ್ ಹಿಡಿದವಳು ಒಳಗೆ ಕಾಲಿಟ್ಟಳು. ಆ ಬಕೆಟ್ ಬಿದ್ದ ಸದ್ದು ಗೇಟಿನಲ್ಲಿದ್ದವನಿಗೂ ಕೇಳಿಸಿತ್ತು.

ಲಿಫ್ಟು ನೋಡಿಕೊಳ್ಳುವ ಗುತ್ತಿಗೆ ಒಂದು ಕಂಪೆನಿಯದು. ತಿಂಗಳಿಗೊಮ್ಮೆ ಮೆಕ್ಯಾನಿಕ್ ಬಂದು ಪ್ರತಿ ಮಹಡಿಯ ಬಾಗಿಲಿನ ಲಾಕ್ ಪರೀಕ್ಷಿಸಬೇಕು. ಬಿಲ್ಡಿಂಗಿನ ಪರವಾಗಿ ಒಬ್ಬರಿಂದ ಕಾರ್ಡಿನಲ್ಲಿ ಸಹಿ ಪಡೆಯಬೇಕು. ಕರಾರಿನಲ್ಲಿ ಇದ್ದದ್ದು ಇಷ್ಟು. ಈಗ ಕಂಪೆನಿ ಕೈ ತೊಳೆದುಕೊಂಡಿತ್ತು. ನಾವು ತಪ್ಪದೆ ಬಂದಿದ್ದೇವೆ, ಕಾರ್ಡಿನಲ್ಲಿ ಸಹಿ ಇದೆ, ಲಾಕ್ ಸರಿಯಿತ್ತು, ಆ ಹೆಂಗಸೇ ಬಾಗಿಲು ಎಳೆದು ತೆರೆದಿರಬೇಕು ಎಂದು ನೋಟಿಸಿಗೆ ಉತ್ತರ ಕೊಟ್ಟಿತ್ತು. ಸತ್ತವಳು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ! ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಅಮೋಲ್ ಸಾಹೇಬರು, ನೀನುಂಟು ಕಂಪೆನಿಯುಂಟು ಎಂದು ಮೆಲ್ಲಗೆ ಜಾರಿಕೊಂಡಿದ್ದರು. ಕೊನೆಗೆ ಯಾರೋ ದಾದರ್‌ನಲ್ಲಿರುವ ಈ ಹುಡುಗಿಯ ಹೆಸರು ಹೇಳಿದರು. ಉಡುಪಿ ಕಡೆಯವಳು, ಹುಟ್ಟಿ ಬೆಳೆದದ್ದು ಇಲ್ಲಿಯೇ, ಕನ್ನಡ ತಡವರಿಸಿದರೂ ಮನಸ್ಸು ತಡವರಿಸುವುದಿಲ್ಲ ಎಂದಿದ್ದರು.

“ಮೆಕ್ಯಾನಿಕ್ ಸಂತು ಆರು ತಿಂಗಳು ಬರಲೇ ಇಲ್ಲ. ಬರೋಬರ್?”

“ಮ್ಯಾಲೆ ಹತ್ತೇ ಇಲ್ರಿ ಮೇಡಂ. ಲಿಫ್ಟಿಗೆ ಕೈ ಹಚ್ಚಿಲ್ಲ. ಗೇಟಿನ್ಯಾಗ ಕುಂತಾಂವ ನಾನ ಹೇಳ್ತೀನಲ್ರಿ.”

‘ಬಂದಿಲ್ಲ’ ಎಂದು ಬರೆದುಕೊಳ್ಳಲು ಹೋದಳು. ಅವಳ ಪೆನ್ನಿನಿಂದ ಅಕ್ಷರ ಮೂಡಲಿಲ್ಲ. ಶಿವಪುತ್ರ ಯೂನಿಫಾರ್ಮಿನ ಜೇಬಿನಿಂದ ತನ್ನದನ್ನು ತೆಗೆದು ಕೊಟ್ಟ. ಅದರ ಕ್ಯಾಪಿಗೆ ಚಿನ್ನದ ಬಣ್ಣ.

“ಅರೆ ವಾ, ಸಾಹೇಬರ ಪೆನ್ನು!”

“ಅಕಿ ಕೊಡಿಸಿದ್ದು ರೀ. ಏಳನೇತ್ತ ಕಲ್ತಿದ್ಲು. ನಾ ಸಾಲಿ ಮಾರಿ ಸೈತ ನೋಡಿಲ್ಲ. ವಾಚ್‌ಮನ್ ಕಿಸೆದಾಗ ಪೆನ್ನ ಇದ್ರ ಮಂದಿ ಮರ್ಯಾದಿ ಕೊಡ್ತಾರ ಅಂತಿದ್ಲು. ಬಂದೋರು ಇಸ್ಕೊಂಡು ರಿಜಿಸ್ಟರಿನ್ಯಾಗ ತಾವ ಬರೀತಾರ.”

ಯಕ್ಷಿತಾ ಆ ಪೆನ್ನಿನಲ್ಲೇ ಬರೆದುಕೊಂಡಳು. ಆಮೇಲೆ ಕಾರ್ಡನ್ನು ಬೆಳಕಿಗೆ ಹಿಡಿದಳು.

“ಇಂಗ್ಲಿಷ್ ಅಕ್ಷರ, ಓದಕ್ಕೇ ಆಗಲ್ಲ. ಕೆಳಗೆ ಒಂದು ಗೆರೆ, ಎರಡು ಚುಕ್ಕಿ. ಏಕ್‌ದಮ್ ಆಫೀಸರ್ ಸ್ಟೈಲ್. ಅಮೋಲ್ ಸಾಹೇಬರದ್ದಾ?”

“ಅವ್ರದಲ್ರಿ. ಅವ್ರ ಸಹಿ ಬ್ಯಾರೆ ಅದ.”

“ಹಾಗಾದ್ರೆ ಕಂಪೆನಿಯವ್ರೇ ಕೂತು ಗೀಚಿದ್ದು. ಬಿಲ್ಡಿಂಗಿನವರು ಯಾರಾದ್ರೂ ನಿಜವಾಗಿ ಹಾಕಿದ್ರೆ ಮಾತ್ರ ನಮ್ಮ ಕೇಸ್ ಖತಂ. ಅಂಥವನು ಇದ್ದರೂ ಎಷ್ಟು ದಿನ ಅಡಗಿರ್ತಾನೆ? ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅಂತ ನಮ್ಮ ಪಪ್ಪ ಹೇಳ್ತಾರೆ.”

ಶಿವಪುತ್ರ ಕಿಟಕಿಯಾಚೆ ನೋಡಿದ. ಸ್ಟೇಷನ್ನಿನ ಕಡೆಯಿಂದ ಯಾವುದೋ ಗಾಡಿ ತಡವಾಗಿದೆ ಎಂಬ ಘೋಷಣೆ ತೇಲಿ ಬಂತು. ಅದನ್ನೇ ಪೂರ್ತಿ ಕೇಳಿಸಿಕೊಂಡ.

“ನಿಮಗೆ ಕೋರ್ಟಿನಿಂದ ಏನು ಬೇಕು ಕಾಕಾ? ಸಾಫ್ ಹೇಳಿ.”

“ಅಕಿ ತಪ್ಪಿಲ್ಲ ಅಂತ ಕಾಗದದಾಗ ಬರೀಬೇಕ್ರಿ. ಅಷ್ಟ ಸಾಕು. ಬಾಗಲಾ ಎಳ್ಯೂವಂಥಾಕಿ ಅಲ್ರಿ ಅಕಿ. ತಪ್ಪು ಯಾರದರೆ ಇರ್ಲಿ, ಅಕೀದಲ್ಲ.”

ಇದೊಂದು ಮಾತನ್ನು ಅವನು ದನಿ ಏರಿಸಿ ಹೇಳಿದ. ಯಕ್ಷಿತಾಳ ಕಣ್ಣು ತುಂಬಿತು. ಅವನ ಕಣ್ಣು ಒಣಗಿಯೇ ಇತ್ತು.

ಅವಳು ವಕಾಲತ್ತಿನ ಹಾಳೆ ಮುಂದಿಟ್ಟಳು. ಅವನದೇ ಪೆನ್ನನ್ನು ಕ್ಯಾಪು ತೆಗೆದು ಚಾಚಿದಳು. “ಇಲ್ಲೊಂದು ಸಹಿ ಹಾಕಿ. ಮುಂದಿನದ್ದು ನಾನು ನೋಡ್ಕೋತೇನೆ.”

ಶಿವಪುತ್ರ ಪೆನ್ನು ತೆಗೆದುಕೊಂಡ. ಹಾಳೆಯನ್ನು ನೋಡಿದ, ಪಕ್ಕದಲ್ಲಿದ್ದ ಕಾರ್ಡನ್ನು ನೋಡಿದ. ಕ್ಯಾಪು ಮುಚ್ಚಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎಡಗೈ ಹೆಬ್ಬೆರಳು ಮುಂದೆ ಮಾಡಿದ.

“ನನಗ ಸಹಿ ಬರೂದಿಲ್ರಿ.”

“ಸಾರಿ ಕಾಕಾ, ಸಾಲೆಗೆ ಹೋಗಿಲ್ಲ ಅಂತ ಆಗಲೇ ಹೇಳಿದ್ರಿ. ನಾನೇ ಮರೆತೆ,” ಎಂದು ಅವಳು ನಾಚಿ, ಡ್ರಾವರಿನಿಂದ ಶಾಯಿಯ ಡಬ್ಬಿ ತೆಗೆದಳು. ಅವನು ಹೆಬ್ಬೆಟ್ಟು ಒತ್ತಿದ. ಒರೆಸಿಕೊಳ್ಳಲು ಅವಳು ಕೊಟ್ಟ ಕಾಗದವನ್ನು ಬೇಡವೆಂದು, ಶಾಯಿಯ ಬೆರಳಿನಲ್ಲೇ ನಮಸ್ಕಾರ ಮಾಡಿ ಮೆಟ್ಟಿಲಿಳಿದ.

ಮಹಾದೇವಿ ಆ ಪೆನ್ನು ಕೊಂಡದ್ದೇ ಗಂಡನಿಗೆ ಇಂಗ್ಲಿಷಿನಲ್ಲಿ ಸಹಿ ಕಲಿಸಲು, ಕೆಳಗೊಂದು ಗೆರೆ ಎಳೆದು ಎರಡು ಚುಕ್ಕಿ ಇಡಲು. ಕಲಿತ ಹುಮ್ಮಸ್ಸಿನಲ್ಲಿ, ಸಂತು ಗೇಟಿನಲ್ಲೇ ಚಹಾ ಕುಡಿದು ಕಾರ್ಡು ಚಾಚಿದಾಗಲೆಲ್ಲ, ಶಿವಪುತ್ರನೇ ಆ ಸಹಿ ಹಾಕಿಕೊಟ್ಟಿದ್ದ.