ಆಮ್ಲೆಟ್ ಆಗದ ಮೊಟ್ಟೆ

"ಅದು ಮೈಕ್ ಅಲ್ಲಮ್ಮಾ. ಕುಡಿದು ಈ ಕಡೆ ಕೊಡು," ಎಂದರು ಪ್ರೊಫೆಸರ್ ಒಫೆಲಿಯಾ ರಿಗಾಂಟಿ.

ಮಿಕಾಯೆಲಾ ಬೆಚ್ಚಿ ಕೈಯಲ್ಲಿದ್ದ ಕಷಾಯದ ಸೋರೆಬುರುಡೆ ನೋಡಿದಳು. ರೊಸಾರಿಯೋ ಊರಿನಲ್ಲಿ ಮೌಖಿಕ ಪರೀಕ್ಷೆಯೇ ಇರಲಿ, ಮದುವೆಯ ಮಾತುಕತೆಯೇ ಇರಲಿ, ಎರ್ಬಾ ಸೊಪ್ಪಿನ ಕಷಾಯದ ಒಂದೇ ಬುರುಡೆ, ಹೀರುವ ಒಂದೇ ಕೊಳವೆ ಎಲ್ಲರ ಕೈಗೂ ಸುತ್ತಬೇಕು. ಅದು ಇವಳ ಕೈಯಲ್ಲೇ ಠಿಕಾಣಿ ಹೂಡಿತ್ತು. ಇನ್ನೊಬ್ಬ ಪರೀಕ್ಷಕ ಇಬಾರ್ರಾ ತಮ್ಮ ಸರದಿಗಾಗಿ ಬಾಯಿ ಒಣಗಿಸಿಕೊಂಡು ಕೂತಿದ್ದರು.

ವ್ಯವಸ್ಥಾ ಸಿದ್ಧಾಂತ ಅವಳ ಡಿಗ್ರಿಯ ಕೊನೆಯ ವಿಷಯ. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಕೆಳಗೆ ಬೀದಿಯಲ್ಲಿ ಗೆಳೆಯರು ಮೊಟ್ಟೆ, ಹಿಟ್ಟು ಹಿಡಿದು ಡೋಲು ಬಡಿಯುತ್ತ ಕಾಯುತ್ತಿದ್ದರು. ಕೊನೆಯ ಪರೀಕ್ಷೆ ಗೆದ್ದವರ ತಲೆ ಮೇಲೆ ಅವನ್ನು ಸುರಿಯದಿದ್ದರೆ ಆ ಊರಲ್ಲಿ ಡಿಗ್ರಿಗೆ ಮರ್ಯಾದೆಯೇ ಇಲ್ಲ. ಹಿಂದಿನ ಎರಡು ಸಲವೂ ಹೀಗೇ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿ, ಕೊನೆಗೆ ಆ ಮೊಟ್ಟೆಗಳನ್ನೇ ಆಮ್ಲೆಟ್ ಮಾಡಿ ಅಳುಮೋರೆಯಲ್ಲಿ ತಿಂದಿದ್ದರು. ಮೂರನೆಯ ಆಮ್ಲೆಟ್ ನುಂಗುವ ಧೈರ್ಯ ಮಿಕಾಯೆಲಾಗೆ ಇರಲಿಲ್ಲ.

"ಮುಚ್ಚಿದ ವ್ಯವಸ್ಥೆ ಹೊರಗಿಂದ ಏನೂ ತಗೊಳ್ಳಲ್ಲ, ಹೊರಗೆ ಏನೂ ಕೊಡಲ್ಲ. ತೆರೆದ ವ್ಯವಸ್ಥೆ ತಗೊಳ್ಳುತ್ತೆ, ಕೊಡುತ್ತೆ, ಅದ್ರಿಂದ್ಲೇ ಬದುಕುತ್ತೆ," ಎಂದು ಒಂದೇ ಉಸಿರಿಗೆ ಒಪ್ಪಿಸಿದಳು.

"ಇದು ನನ್ನ ಪುಸ್ತಕದ ಮಾತು, ಗಿಣಿ ಕೂಡ ಹೇಳುತ್ತೆ. ಮುಚ್ಚಿದ್ದಕ್ಕೊಂದು ಉದಾಹರಣೆ ಕೊಡು. ಮೇಜಿನ ಮೇಲಿರೋ ಈ ಬಿಸಿನೀರಿನ ಫ್ಲಾಸ್ಕ್ ಅಂತ ಮಾತ್ರ ಅಂದ್ಯೋ, ಎದ್ದು ಹೋಗ್ತೀನಿ. ಬೆಳಿಗ್ಗೆಯಿಂದ ಎಲ್ರೂ ಅದನ್ನೇ ಹೇಳ್ತಿದಾರೆ."

ಅವಳೂ ಫ್ಲಾಸ್ಕ್ ಅನ್ನುವವಳೇ ಇದ್ದಳು. ಗೊರಗೊರ ಎನಿಸಿ ಕಷಾಯ ಕುಡಿದು ಬುರುಡೆ ವಾಪಸು ಕೊಟ್ಟಳು. ಡೋಲಿನ ಗಲಾಟೆ ಕೇಳದಿರಲೆಂದು ಕಿಟಕಿ ಮುಚ್ಚಿದ್ದರಿಂದ ಕೋಣೆ ಬೇಯುತ್ತಿತ್ತು. ಇಬಾರ್ರಾ ಆಕಳಿಸಿದರು, ಅವರನ್ನು ನೋಡಿ ಪ್ರೊಫೆಸರೂ ಆಕಳಿಸಿದರು, ಅವಳಿಗೂ ಆಕಳಿಕೆ ಬಂತು.

"ಈ ರೂಮೇ ಮೇಡಂ!" ಎಂದಳು ತಟ್ಟನೆ. "ಬಾಗಿಲು ಮುಚ್ಚಿದೀರಿ, ಕಿಟಕಿ ಮುಚ್ಚಿದೀರಿ. ಇದ್ದ ಗಾಳಿನೇ ತಿರುಗಾ ಮುರುಗಾ ಉಸಿರಾಡ್ತಿದೀವಿ. ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ರೆ ನಾನು ಫೇಲು, ನೀವು ನಿದ್ದೆ."

ಇಬಾರ್ರಾ ಪಕ್ಕನೆ ನಕ್ಕರು. ಪ್ರೊಫೆಸರ್ ನಗಲಿಲ್ಲ. "ಸರಿ. ತೆರೆದದ್ದಕ್ಕೆ?"

ಮಿಕಾಯೆಲಾ ಎದ್ದು ಹೋಗಿ ಕಿಟಕಿ ತೆರೆದಳು. ನದಿಯ ಗಾಳಿ, ಡೋಲಿನ ಸದ್ದು, ಯಾರದೋ ಒಲೆಯ ಸುಟ್ಟ ಮಾಂಸದ ಘಮ ಒಟ್ಟಿಗೇ ನುಗ್ಗಿದವು. "ಇದು ಮೇಡಂ!" ಎಂದು ಎರಡೂ ಕೈ ಹೊರಚಾಚಿದಳು.

ಕೆಳಗಿನವರು ಕಂಡದ್ದು ಅವಳ ಮುಖ, ಚಾಚಿದ ಕೈ. ಅವರಾದರೂ ಇನ್ನೇನು ತಿಳಿದಾರು? "ಪಾಸಾದ್ಲು ಕಣ್ರೋ!" ಎಂಬ ಕೂಗಿನ ಹಿಂದೆಯೇ ಒಂದು ಮೊಟ್ಟೆ ಅವಳ ಕಿವಿ ಸವರಿ ಒಳಬಂದು ಪ್ರೊಫೆಸರರ ನೀಟಾಗಿ ಬಾಚಿದ ಬೆಳ್ಳಿಗೂದಲ ಮೇಲೆ ಒಡೆಯಿತು.

ಡೋಲೂ ನಿಂತಿತು. ಮೂರನೆಯ ಆಮ್ಲೆಟ್ ಮಿಕಾಯೆಲಾಳ ಕಣ್ಣೆದುರೇ ಬೇಯತೊಡಗಿತು.

ಪ್ರೊಫೆಸರ್ ತಲೆ ಮುಟ್ಟಿ, ಬೆರಳಿನ ಹಳದಿ ನೋಡಿಕೊಂಡರು. "ತಗೊಂಡಿದ್ದಾಯ್ತು. ಕೊಡೋದು?"

"ಕೊಡೋಕೆ... ನಮ್ಹತ್ರ ಮೊಟ್ಟೆ ಇಲ್ವಲ್ಲ ಮೇಡಂ."

ಆಗ ನಕ್ಕರು ನೋಡಿ ಆಕೆ, ಕನ್ನಡಕ ಜಾರುವಷ್ಟು. "ನಿನ್ನನ್ನೇ ಕೊಡೋದು ಕಣೇ! ಎಷ್ಟು ವರ್ಷ ಅಂತ ಇಟ್ಕೊಳ್ಳೋದು? ಪಾಸು. ಹೋಗು, ಅಲ್ಲಿ ಕಾಯ್ತಿದಾರೆ."

ಖುಷಿಗೆ ಅಳುವುದೋ ನಗುವುದೋ ತಿಳಿಯದೆ ಮಿಕಾಯೆಲಾ ಮೆಟ್ಟಿಲಿಳಿದು ಓಡಿದಳು. ಬೀದಿಯಲ್ಲಿ ಹಿಟ್ಟು ಮುಗಿಲಿಗೆ ಹಾರಿತು.

ಇಬಾರ್ರಾ ಕಿಟಕಿ ಮುಚ್ಚಲು ಎದ್ದರು.

"ಇರ್ಲಿ ಬಿಡಿ ಇಬಾರ್ರಾ ಅವ್ರೇ," ಎನ್ನುತ್ತ ಪ್ರೊಫೆಸರ್ ಬುರುಡೆಗೆ ಬಿಸಿನೀರು ಬಗ್ಗಿಸಿದರು. ಅವರ ಕೂದಲಿಂದ ಜಾರಿದ ಹಳದಿ ಅವರದೇ ಪುಸ್ತಕದ ಮೇಲೆ ತೊಟ್ಟಿಕ್ಕುತ್ತಿತ್ತು. "ಇನ್ನೊಂದು ಬರೋದಿದ್ರೆ ಬರ್ಲಿ."