ಹದಿಮೂರರ ಮೂಗು

ಹುಡುಗಿ ಮತ್ತೆ ಸೀನಿದಳು. ತಾಯಿ ತಟ್ಟನೆ ಕೈ ಚಾಚಿ, ಜಾರುತ್ತಿದ್ದ ಮಾಸ್ಕನ್ನು ಮಗಳ ಕಣ್ಣಿನವರೆಗೂ ಎಳೆದಳು.

ನೋಡುತ್ತಿದ್ದ ಹಿರಿಯ ನರ್ಸು ಮುಖ ಸಿಂಡರಿಸಿದಳು. ಹೆತ್ತ ಮಗಳ ಮೂಗನ್ನು ಕೀವು ಸೋರುವ ಹುಣ್ಣಿನ ಹಾಗೆ ಮುಚ್ಚಿಡುತ್ತಾಳಲ್ಲ ಈ ಹೆಂಗಸು! ಮೊದಲ ಸಲ ಬಂದಾಗಲೂ ಹೀಗೆಯೇ. ತಾಯಿಗೆ ಸಂಕೋಚವಂತೆ ಎಂದು ಡಾಕ್ಟರು ನರ್ಸನ್ನೂ ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದ್ದರು. ಹೊರಬಂದ ಹುಡುಗಿಯ ಮುಖದಲ್ಲಿ ಕಂಡದ್ದು ಅತ್ತು ಕೆಂಪಾದ ಕಣ್ಣು ಮಾತ್ರ.

ಹದಿಮೂರು ವರ್ಷದ ಮಗು. ಮೂಳೆ ಬಲಿತು ನಿಲ್ಲುವ ತನಕ, ಅಂದರೆ ಹದಿನೈದು ಹದಿನಾರು ದಾಟುವ ತನಕ, ಚಂದಕ್ಕೆಂದು ಮೂಗಿಗೆ ಕತ್ತಿ ಇಡಬಾರದು ಎಂದು ಇದೇ ಡಾಕ್ಟರು ಎಷ್ಟೋ ಅಪ್ಪ ಅಮ್ಮಂದಿರನ್ನು ಬೈದು ಕಳಿಸಿದ್ದರು. ಆತುರಪಟ್ಟರೆ ಬೆಳೆಯುತ್ತ ಸೊಟ್ಟಗಾಗಬಹುದು, ಉಸಿರಾಟಕ್ಕೇ ತೊಂದರೆಯಾಗಬಹುದು. ಬೇಕೆಂದು ಮಗುವೇ ಬಾಯಿಬಿಟ್ಟು ಕೇಳಬೇಕು. ನೆಗಡಿ ಇದ್ದರಂತೂ ಅರಿವಳಿಕೆಯ ಮಾತೇ ಎತ್ತುವಂತಿಲ್ಲ. ಅಂಥವರು ಈ ಹೆಂಗಸಿಗೆ ಮಾತ್ರ ಹೂಂ ಅಂದುಬಿಟ್ಟಿದ್ದರು. ಆಪರೇಷನ್ ಇವತ್ತೇ.

ಯಾಕೆ ಒಪ್ಪಿದಿರಿ ಎಂದು ಬೆಳಗ್ಗೆ ನರ್ಸು ತಡೆಯಲಾರದೆ ಕೇಳಿದ್ದಳು. ಕೈ ತೊಳೆಯುತ್ತಿದ್ದ ಡಾಕ್ಟರು ತಿರುಗಿಯೂ ನೋಡಲಿಲ್ಲ. "ತಾಯಿ ಹಟ ಹಿಡಿದು ಕೂತಿದಾರೆ ಸಿಸ್ಟರ್. ನಾನೇನು ಮಾಡ್ಲಿ?"

ಈಗ ನರ್ಸು ನೇರವಾಗಿ ತಾಯಿಯ ಬಳಿಗೇ ಹೋದಳು. ಅಷ್ಟು ಅವಸರ ಏನು ಬಂತು, ಒಂದೆರಡು ವರ್ಷ ತಡೆಯಲಾಗುವುದಿಲ್ಲವೇ ಎಂದಳು. ಮಗಳು ಬರುವ ತಿಂಗಳು ದೊಡ್ಡ ಶಾಲೆಗೆ ಸೇರುತ್ತಾಳೆ, ಈ ಮೂಗು ಹೊತ್ತು ಅಲ್ಲಿಗೆ ಹೋಗುವ ಹಾಗಿಲ್ಲ ಎಂದು ತಾಯಿ ನೆಲ ನೋಡುತ್ತ ಹೇಳಿದಳು. ಡಾಕ್ಟರ ಹೆಂಡತಿಯೇ ಮುಖ್ಯೋಪಾಧ್ಯಾಯಿನಿಯಾಗಿರುವ ಶಾಲೆ ಅದು. ಓಹೋ, ಕಾಡಿ ಬೇಡಿ ಸೀಟು ಗಿಟ್ಟಿಸಿದ್ದಾಯಿತು, ಇನ್ನು ಥಳುಕಿನ ಸರದಿ ಅಂದುಕೊಂಡಳು ನರ್ಸು.

"ಮಗೂಗಿಂತ ನಿಮ್ಮ ಮರ್ಯಾದೆ ಹೆಚ್ಚಾಯ್ತಾ?"

"ಮರ್ಯಾದೆ ನಂದಲ್ಲ ಸಿಸ್ಟರ್."

ಎಂಥ ಭಂಡತನ! ನರ್ಸು ಮುಖ ತಿರುಗಿಸಿ ಹುಡುಗಿಯನ್ನು ಒಳಗೆ ಕರೆದೊಯ್ದು ಮಂಚದ ಮೇಲೆ ಮಲಗಿಸಿದಳು. ಮುಖ ಶುಚಿ ಮಾಡಬೇಕಿತ್ತು.

"ನನ್ನ ಮೂಗಿಗೆ ಏನಾಗಿದೆ ಆಂಟಿ?" ಎಂದು ಹುಡುಗಿ ಸಣ್ಣಗೆ ಕೇಳಿದಳು.

ನರ್ಸು ಮಾಸ್ಕು ಬಿಚ್ಚಿದಳು. ಹತ್ತಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ತಾಯಿಯತ್ತ ತಿರುಗಿದಳು. ಆ ತಾಯಿ ಎರಡು ಕೈಯಿಂದ ಮುಖ ಮುಚ್ಚಿಕೊಂಡಳು.

"ಏನೂ ಆಗಿಲ್ಲ ಮಗಳೇ," ಎಂದು ನರ್ಸು ಹುಡುಗಿಯ ಸುರಿಯುವ ಮೂಗನ್ನು ಮೆಲ್ಲಗೆ ಒರೆಸಿದಳು. ಅರಿವಳಿಕೆ ಡಾಕ್ಟರಿಗೆ ಫೋನು ಮಾಡಿ, ನೆಗಡಿ ಜೋರಾಗಿದೆ, ಎದೆಯಲ್ಲಿ ಕಫ ಗೊರಗೊರ ಅನ್ನುತ್ತಿದೆ ಎಂದಳು. ಹಾಗಾದರೆ ತಾವು ಮುಟ್ಟುವುದಿಲ್ಲ ಎಂದರು ಅವರು. ಬಟ್ಟೆ ಹಾಕಿ ಮನೆಗೆ ಕರೆದುಕೊಂಡು ಹೋಗಿ ಎಂದು ನರ್ಸು ತಾಯಿಗೆ ಹೇಳಿ ಹೊರಬಂದಳು.

ಡಾಕ್ಟರು ಧಾವಿಸಿ ಬಂದು, ಬಾಯಿಗೆ ಕಟ್ಟಿದ್ದ ಬಟ್ಟೆ ಕೆಳಗೆಳೆದರು. "ಯಾರನ್ನ ಕೇಳಿ ನಿಲ್ಲಿಸಿದ್ರಿ?"

ನರ್ಸು, ಸಿಟ್ಟಿನಲ್ಲಿ ಅರಳುತ್ತಿದ್ದ ಅವರ ಮೂಗನ್ನೇ ನೋಡುತ್ತ ನಿಂತಳು. ನಡುವೆ ಗಿಣಿಕೊಕ್ಕಿನಂಥ ಉಬ್ಬು, ತುದಿ ತುಸು ಎಡಕ್ಕೆ ವಾಲಿದ್ದು, ಆ ತುದಿಯ ಮಧ್ಯದಲ್ಲೊಂದು ಸೀಳುಗೆರೆ.

ಈಗಷ್ಟೇ ಆಕೆ ಮಂಚದ ಮೇಲೆ ಒರೆಸಿ ಬಂದದ್ದು ಇದೇ ಮೂಗನ್ನು.